ಕೆಟ್ಟ ಸಿನಿಮಾ ಗೇಲಿ ಮಾಡುವ ಶೋಗೆ ಇಷ್ಟೊಂದು ಅಭಿಮಾನಿಗಳು ಯಾಕೆ? ಎಲ್ಲಿಂದ ನೋಡಲು ಶುರು ಮಾಡಬೇಕು?

ನೀವು ಕೇಳಿರುವುದು 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಬಗ್ಗೆ. ನನಗೆ ಪ್ರಾಣದಂಥ ಶೋ ಇದು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಕಥೆ ಹೇಳಿಬಿಡುತ್ತೇನೆ. ಜೋಯೆಲ್ ಅಂತ ಒಬ್ಬ ಕಸ ಗುಡಿಸುವ ಕೆಲಸದವನು. ಇಬ್ಬರು ಹುಚ್ಚು ವಿಜ್ಞಾನಿಗಳು ಅವನನ್ನು ಬಾಹ್ಯಾಕಾಶಕ್ಕೆ ಹಾರಿಸಿ, ಅಲ್ಲಿಗೆ ಒಂದರ ಹಿಂದೆ ಒಂದು ದರಿದ್ರ ಸಿನಿಮಾ ಕಳಿಸುತ್ತಾರೆ. ನೋಡಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಸಿನಿಮಾ ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಅನ್ನುವುದನ್ನು ಹಿಡಿತದಲ್ಲಿಡುವ ಬಿಡಿಭಾಗಗಳು ಅವನ ಹತ್ತಿರ ಇದ್ದವು. ಅವನ್ನೆಲ್ಲ ಬಳಸಿ ಅವನು ಮಾಡಿಕೊಂಡಿದ್ದು ರೋಬೋ ಗೆಳೆಯರನ್ನು. ಶೀರ್ಷಿಕೆ ಗೀತೆಯಲ್ಲೇ ಇದು ಬರುತ್ತದೆ. ಇಡೀ ಶೋ ನನಗೆ ಇದೊಂದರಲ್ಲೇ ಸಿಕ್ಕಿಬಿಡುತ್ತದೆ. ಕೆಟ್ಟದ್ದನ್ನು ನಿಲ್ಲಿಸುವ ಸ್ವಿಚ್ ಬೇಡ, ಜೊತೆಗೆ ಕೂರುವವರು ಇದ್ದರೆ ಸಾಕು ಅಂದವನು ಅವನು.

1988ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಸಣ್ಣ ಲೋಕಲ್ ಚಾನೆಲ್‌ನಲ್ಲಿ ಜೋಯೆಲ್ ಹಾಡ್ಜ್‌ಸನ್ ಇದನ್ನು ಶುರು ಮಾಡಿದರು, ಜೋಯೆಲ್ ಪಾತ್ರವೂ ಅವರದೇ. ದುಡ್ಡು ಇರಲಿಲ್ಲ. ಕ್ರೋ ಅನ್ನುವ ರೋಬೋದ ಬಾಯಿ ಪ್ಲಾಸ್ಟಿಕ್ ಬೌಲಿಂಗ್ ಪಿನ್ನಿನದು, ತಲೆಯ ಮೇಲಿನ ಬಲೆ ಆಟಗಾರರು ಮುಖಕ್ಕೆ ಹಾಕಿಕೊಳ್ಳುವ ಮುಖವಾಡದ್ದು. ಪರದೆಯ ಕೆಳಗೆ ಬಲಮೂಲೆಯಲ್ಲಿ ಜೋಯೆಲ್, ಕ್ರೋ, ಇನ್ನೊಂದು ರೋಬೋ ಟಾಮ್ ಸರ್ವೋ ಮೂವರ ಬೆನ್ನಿನ ಕಪ್ಪು ನೆರಳು ಕಾಣುತ್ತಿರುತ್ತದೆ, ಅಂದರೆ ಅವರ ಹಿಂದಿನ ಸಾಲಿನಲ್ಲಿ ನೀವೇ ಕೂತ ಹಾಗೆ. ಸಿನಿಮಾ ಓಡುತ್ತಿರುತ್ತದೆ, ಇವರ ಮಾತೂ ಓಡುತ್ತಿರುತ್ತದೆ. ಭಾನುವಾರ ಸಂಜೆ ದೂರದರ್ಶನದ ಸಿನಿಮಾ ಮುಂದೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೆಲ್ಲ ಸೇರಿ ಹೀರೋ ಕಾಲೆಳೆಯುತ್ತಿದ್ದೆವಲ್ಲ, ಅದೇ ಸುಖ.

ಆದರೆ ಬಾಯಿಗೆ ಬಂದದ್ದು ಹೇಳಿದರೆ ನಗು ಬರುವುದಿಲ್ಲ. ಇವರ ತಂಡ ಸಿನಿಮಾವನ್ನು ಮತ್ತೆ ಮತ್ತೆ ನೋಡಿ ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿತ್ತು. ಪಾತ್ರಗಳ ಮಾತಿನ ನಡುವಿನ ಸಂದಿಗೆ ಸರಿಯಾಗಿ ಜೋಕ್ ಕೂರಬೇಕು, ಕಥೆಯೂ ನಮಗೆ ಕೈತಪ್ಪಬಾರದು. 'ಸ್ಪೇಸ್ ಮ್ಯುಟಿನಿ' ಕಂತು ನೋಡಿ. ಬಾಹ್ಯಾಕಾಶ ನೌಕೆಯ ಒಳಗೆ ಇಟ್ಟಿಗೆ ಗೋಡೆ ಕಾಣುತ್ತದೆ, ಯಾಕಂದರೆ ಶೂಟಿಂಗ್ ಆಗಿರುವುದು ಯಾವುದೋ ಕಾರ್ಖಾನೆಯಲ್ಲಿ. ಒಬ್ಬ ಮಹಿಳಾ ಅಧಿಕಾರಿ ಕೊಲೆಯಾಗುತ್ತಾಳೆ. ಸ್ವಲ್ಪ ಹೊತ್ತಿಗೇ ಅವಳು ಏನೂ ಆಗದವಳ ಹಾಗೆ ತನ್ನ ಸೀಟಿನಲ್ಲಿ ಕೂತು ಕೆಲಸ ಮಾಡುತ್ತಿರುತ್ತಾಳೆ! ಆಗ ನೆರಳುಗಳಲ್ಲೊಬ್ಬ, ಸತ್ತವಳಿಗೂ ಇನ್ನೊಂದು ಅವಕಾಶ ಕೊಟ್ಟಿರಲ್ಲ, ಒಳ್ಳೆಯವರಪ್ಪ ನೀವು ಅನ್ನುವ ಅರ್ಥದಲ್ಲಿ ಮೆತ್ತಗೆ ಹೇಳುತ್ತಾನೆ. ಬೈಗುಳ ಇಲ್ಲ, ತಾತ್ಸಾರ ಇಲ್ಲ. ತಪ್ಪನ್ನು ಅಷ್ಟು ಗಮನವಿಟ್ಟು ನೋಡುವುದೂ ಒಂದು ರೀತಿಯ ಪ್ರೀತಿಯೇ ಅಲ್ವಾ?

'ಮಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್' ಸಿನಿಮಾ ಜನರಿಗೆ ನೆನಪಿರುವುದೇ ಈ ಶೋನಿಂದ. 1966ರಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಗೊಬ್ಬರ ಮಾರುವ ವ್ಯಾಪಾರಿಯೊಬ್ಬ ತಾನೂ ಹಾರರ್ ಸಿನಿಮಾ ಮಾಡುತ್ತೇನೆ ಅಂತ ಪಂಥ ಕಟ್ಟಿ ಮಾಡಿದ್ದು ಇದು. ಅವನ ಕ್ಯಾಮೆರಾದಲ್ಲಿ ಒಂದು ಸಲಕ್ಕೆ 32 ಸೆಕೆಂಡ್‌ಗಿಂತ ಜಾಸ್ತಿ ಶೂಟ್ ಮಾಡಲು ಆಗುತ್ತಿರಲಿಲ್ಲ. ಮಾತೆಲ್ಲ ಆಮೇಲೆ ಡಬ್ ಮಾಡಿದ್ದು. ರಾತ್ರಿಯ ದೃಶ್ಯಗಳಲ್ಲಿ ಲೈಟಿಗೆ ಮುತ್ತಿದ ಹುಳುಗಳು ನಟರ ಮುಂದೆಯೇ ಹಾರಾಡುತ್ತವೆ. 1993ರಲ್ಲಿ ಈ ಕಂತು ಬಂದಾಗ, ಇಂಥದ್ದನ್ನು ಕಳಿಸಿದ್ದಕ್ಕೆ ಆ ಹುಚ್ಚು ವಿಜ್ಞಾನಿಗಳೇ ಜೋಯೆಲ್‌ಗೆ ಕ್ಷಮೆ ಕೇಳುತ್ತಾರೆ.

ಅದೇ ವರ್ಷ ಹಾಡ್ಜ್‌ಸನ್ ಶೋ ಬಿಟ್ಟರು, ಮುಖ್ಯ ಬರಹಗಾರ ಮೈಕ್ ನೆಲ್ಸನ್ ಆ ಜಾಗಕ್ಕೆ ಬಂದರು. ಯಾರು ಮೇಲು ಅನ್ನುವ ಜಗಳ ಇವತ್ತಿಗೂ ನಿಂತಿಲ್ಲ. ನನಗೆ ಜೋಯೆಲ್ ಇಷ್ಟ, ರೋಬೋಗಳ ಜೊತೆ ಅವನದು ಅಪ್ಪನ ಸಲಿಗೆ. 1999ಕ್ಕೆ ಶೋ ನಿಂತಿತು. ಸಿನಿಮಾಗಳ ಹಕ್ಕಿನ ತಕರಾರಿನಿಂದ ಎಷ್ಟೋ ಕಂತುಗಳು ಸುಲಭವಾಗಿ ಸಿಗುತ್ತಲೂ ಇರಲಿಲ್ಲ. ಜನ ರೆಕಾರ್ಡ್ ಮಾಡಿದ ಟೇಪುಗಳನ್ನು ಕೈಯಿಂದ ಕೈಗೆ ದಾಟಿಸಿ ಉಳಿಸಿಕೊಂಡರು, ಟೇಪು ಹಂಚುತ್ತಿರಿ ಅಂತ ಶೋನ ಕೊನೆಯಲ್ಲೇ ಹಾಕುತ್ತಿದ್ದರು ಕೂಡ. 2015ರಲ್ಲಿ ಶೋ ಮತ್ತೆ ಶುರು ಮಾಡಲು ಹಾಡ್ಜ್‌ಸನ್ ಕಿಕ್‌ಸ್ಟಾರ್ಟರ್‌ನಲ್ಲಿ (ಜನರಿಂದ ದುಡ್ಡು ಕೂಡಿಸುವ ವೆಬ್‌ಸೈಟ್) ಸಹಾಯ ಕೇಳಿದಾಗ 57 ಲಕ್ಷ ಡಾಲರ್‌ಗೂ ಜಾಸ್ತಿ ಬಂತು. 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಹೊಸ ಕಂತುಗಳು ಬಂದವು.

ಎಲ್ಲಿಂದ ಶುರು ಮಾಡಬೇಕು ಅಂದರೆ, 'ಸ್ಪೇಸ್ ಮ್ಯುಟಿನಿ'ಯಿಂದಲೇ. ಹಳೇ ಅಮೆರಿಕನ್ ಟಿವಿ, ಜಾಹೀರಾತುಗಳ ಪ್ರಸ್ತಾಪ ಬೇಕಾದಷ್ಟು ಬರುತ್ತದೆ, ನಮಗೆ ಅವು ತಿಳಿಯುವುದಿಲ್ಲ, ಪರವಾಗಿಲ್ಲ, ಮುಂದಿನ ಜೋಕ್ ಆಗಲೇ ಬಂದಿರುತ್ತದೆ. ಎರಡನೆಯದಾಗಿ 'ದಿ ಮ್ಯಾಜಿಕ್ ವಾಯೇಜ್ ಆಫ್ ಸಿಂಬಾದ್'. ಇದು ಅಸಲಿಗೆ 'ಸಾಡ್ಕೊ' ಅನ್ನುವ ಸೋವಿಯತ್ ಸಿನಿಮಾ, ಅಮೆರಿಕದವರು ನಾಯಕನ ಹೆಸರನ್ನೇ ಬದಲಿಸಿಬಿಟ್ಟರು. ಕಥೆಯಲ್ಲಿ ಹಡಗು ಭಾರತಕ್ಕೂ ಬರುತ್ತದೆ, ಇಲ್ಲಿನ ಮಹಾರಾಜನ ಹತ್ತಿರ ಹೆಂಗಸಿನ ಮುಖದ ಒಂದು ಹಕ್ಕಿ ಇದೆ, ಅದು ಎಲ್ಲರನ್ನೂ ನಿದ್ದೆಗೆ ದೂಡುತ್ತದೆ. ನಿಜ ಹೇಳಬೇಕಂದರೆ ಅದು ಕೆಟ್ಟ ಸಿನಿಮಾ ಅಲ್ಲವೇ ಅಲ್ಲ, ನೋಡಲು ಬಲು ಚೆಂದ.

ಹಲವು ಕಂತುಗಳು ಶೋನವರ ಯೂಟ್ಯೂಬ್ ಚಾನೆಲ್‌ನಲ್ಲೇ ಸಿಗುತ್ತವೆ. ಸಬ್‌ಟೈಟಲ್ ಇದ್ದರೆ ಹಾಕಿಕೊಳ್ಳಿ, ಮಾತು ಭಾರಿ ವೇಗ. ಸುಮ್ನೆ ಒಬ್ಬರೇ ನೋಡಬೇಡಿ, ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. 'ಮಾನೋಸ್' ಮಾತ್ರ ಮೊದಲಿಗೇ ಬೇಡ, ನಾಲ್ಕೈದು ಕಂತು ನೋಡಿ ಪಳಗಿದ ಮೇಲೆ ಇಟ್ಟುಕೊಳ್ಳಿ.