ಹರಡಿದ ಮನೆಯ ಸಂಕೋಚ

ಪ್ರಶ್ನೆ: ನನಗೆ ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ ಇದ್ದಾರೆ. ಎಷ್ಟು ಎತ್ತಿಟ್ಟರೂ ಮನೆ ಹರಡಿಕೊಂಡೇ ಇರುತ್ತದೆ. ನೆಂಟರು ಬರುತ್ತಾರೆಂದರೆ ನಾಚಿಕೆಯಾಗಿ, ಆ ಸಿಟ್ಟನ್ನು ಮಕ್ಕಳ ಮೇಲೆ ತೀರಿಸಿಕೊಳ್ಳುತ್ತೇನೆ. ಏನು ಮಾಡಲಿ?
– ಒಬ್ಬ ತಾಯಿ, ಧಾರವಾಡ

ಉತ್ತರ: ಸೋದರಿ, ಗೋಡೆಯ ಮೇಲೆ ಮಗಳ ಕೈ ಎಟುಕುವಷ್ಟು ಎತ್ತರದವರೆಗೆ ಬಣ್ಣದ ಗೆರೆಗಳಿದ್ದರೆ, ಅಡುಗೆಮನೆಯಲ್ಲಿ ಮಗ ಡಬ್ಬಿಗಳ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ ಕುಳಿತಿದ್ದರೆ, ಅದು ನಿಮ್ಮ ಅಸಡ್ಡೆಯ ಗುರುತಲ್ಲ, ಆ ವಯಸ್ಸಿನವರು ಕಲಿಯುವುದೇ ಹಾಗೆ. ಮಗುವಿಗೆ ಬೇಕಾದದ್ದು ಪರಿಪೂರ್ಣ ತಾಯಿಯಲ್ಲ, ತಕ್ಕಮಟ್ಟಿಗೆ ಒಳ್ಳೆಯ ತಾಯಿ ಎಂಬ ವಿಚಾರವನ್ನು ಬ್ರಿಟನ್ನಿನ ಮಕ್ಕಳ ವೈದ್ಯ ಡಿ. ಡಬ್ಲ್ಯು. ವಿನಿಕಾಟ್ ಅವರು ಕಳೆದ ಶತಮಾನದಲ್ಲೇ ಮುಂದಿಟ್ಟಿದ್ದರು.

ಆದರೆ ನಾಣ್ಯ, ಶೇಂಗಾ ಬೀಜ, ಆಟಿಕೆ ಹಾಗೂ ರಿಮೋಟುಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ಇವು ಮಾತ್ರ ಕಿರಿಯವನ ಕೈಗೆ ಸಿಗಲೇಬಾರದು. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಗಳಲ್ಲೇ ತೀವ್ರವಾಗಿ ಸುಡಬಲ್ಲದು. ನಿಮ್ಮ ಶ್ರಮವನ್ನು ಮೊದಲು ಅಲ್ಲಿ ಹಾಕಿ. ಉಳಿದದ್ದನ್ನು ಸಂಜೆ ದೀಪ ಹಚ್ಚುವ ಮುನ್ನ ಮಗಳ ಕೈಯಿಂದಲೇ ಒಂದು ಬುಟ್ಟಿಗೆ ತುಂಬಿಸಿ, ಪತಿಯನ್ನೂ ಜೊತೆಗೆ ಕರೆಯಿರಿ. ಗದರಿದ ದಿನ ಮಲಗುವ ಮೊದಲು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ಅಮ್ಮನಿಗೆ ಸುಸ್ತಾಗಿತ್ತು, ನಿನ್ನ ತಪ್ಪಲ್ಲ’ ಎಂದು ಹೇಳಿ. ನೆಂಟರಿಗೆ ಕೂರಲು ಜಾಗವಿದ್ದರೆ ಸಾಕು.