ಮಗ ಹುಟ್ಟಿದಾಗ ನನಗೆ ಅನಿಸಿದ್ದು ಹಸಿವು

ನೀವು ಕೇಳಿದ್ದೀರಿ: "ಮಗು ಹುಟ್ಟಿದ ತಕ್ಷಣ ತಾಯಿಗೆ ನಿಜವಾಗಿ ಏನನಿಸುತ್ತದೆ? ನನಗೆ ಹೋದ ವಾರ ಹೆರಿಗೆ ಆಯಿತು. ಎಲ್ಲರೂ ಹೇಳುವ ಹಾಗೆ ಕಣ್ಣೀರು ಬರಲಿಲ್ಲ."

ಇವತ್ತು ನನ್ನ ಮಗನಿಗೆ 11 ತುಂಬಿತು. ಹಾಗಾಗಿ ಈ ಪ್ರಶ್ನೆ ನೋಡಿ ಸುಮ್ನೆ ಮುಂದೆ ಹೋಗಲು ಆಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅವನು ಹುಟ್ಟಿದಾಗ ನನಗೆ ಅನಿಸಿದ್ದು ಹಸಿವು. ಹೊಟ್ಟೆ ಹಸಿವು, ಬೇರೆ ಏನೂ ಇಲ್ಲ.

2014ರ ಜುಲೈ 30. ನಮ್ಮ ಕಡೆ ಅವತ್ತು ರೊಟ್ಟಿ ಪಂಚಮಿ. ನಾಗರ ಪಂಚಮಿಗೆ ಎರಡು ದಿನ ಮುಂಚೆ ಬರುತ್ತದೆ. ಮನೆಮನೆಗೆ ರೊಟ್ಟಿ, ನಾಲ್ಕಾರು ನಮೂನೆ ಕಾಳುಪಲ್ಯ, ಶೇಂಗಾ ಚಟ್ನಿ ಕೊಟ್ಟು ತಗೊಂಡು ಮಾಡುವ ಹಬ್ಬ. ನಾನು ಚೊಚ್ಚಲ ಹೆರಿಗೆಗೆ ಅಂತ ಗದಗ ಹತ್ತಿರದ ನಮ್ಮ ಹಳ್ಳಿಗೆ, ತವರಿಗೆ ಬಂದಿದ್ದೆ. ಹಿಂದಿನ ರಾತ್ರಿ ಅವ್ವ ಒಲೆ ಮುಂದೆ ಕೂತು ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಣಿಸುತ್ತಿದ್ದೆ. ನಲವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ಬ್ಯಾನಿ ಶುರುವಾಗಿತ್ತು.

ಜಿಟಿಜಿಟಿ ಮಳೆ. ನಮ್ಮದು ಎರಿ ಭೂಮಿ, ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. 108 ಗಾಡಿ ಅಗಸಿವರೆಗೆ ಬಂತು, ಒಳಗೆ ಬರಲಿಲ್ಲ. ಅಲ್ಲಿವರೆಗೆ ನಡೆದೇ ಹೋದೆ, ಬರಿಗಾಲಲ್ಲಿ. ಆಸ್ಪತ್ರೆಯಲ್ಲಿ ಏನೇನಾಯಿತು ಅಂತ ಬರೆಯುವುದಿಲ್ಲ. ನೀವೂ ಈಗಷ್ಟೇ ಅದನ್ನೆಲ್ಲ ದಾಟಿ ಬಂದಿದ್ದೀರಿ. ಬೆಳಗಿನ ಜಾವ ಹುಟ್ಟಿದ. ಎರಡು ಕೆಜಿ ನಾಲ್ಕು ನೂರು ಗ್ರಾಂ. ಎರಡೂವರೆ ಇದ್ದಿದ್ದರೆ ಚಲೋ ಇತ್ತು ಅಂತ ನರ್ಸ್ ಗೊಣಗಿದರು. ಗಂಡು ಅಂದರು, ಹೂಂ ಅಂದೆ. ಎದೆ ಮೇಲೆ ಇಟ್ಟರು. ಬೆಚ್ಚಗಿತ್ತು, ಒದ್ದೆ ಇತ್ತು. ಯಾರದೋ ಮಗುವನ್ನು ಸ್ವಲ್ಪ ಹೊತ್ತು ಹಿಡಿದುಕೋ ಅಂತ ಕೊಟ್ಟ ಹಾಗಿತ್ತು.

ಒಂದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅವ್ವ ಮಗುವನ್ನು ಎತ್ತಿಕೊಂಡಾಗ ಅವಳ ಹಸಿರು ಬಳೆಗಳ ಸಂದಿಯಲ್ಲಿ ಸಜ್ಜಿ ಹಿಟ್ಟು ಒಣಗಿ ಅಂಟಿತ್ತು. ಕೈ ತೊಳೆಯುವಾಗ ಮೊಣಕೈ ಕಡೆ ಸರಿಸಿದ ಬಳೆ ಇರಬೇಕು, ಹಿಟ್ಟು ಅಲ್ಲೇ ಉಳಿದಿತ್ತು. ನಾನು ಮಗನ ಮುಖ ನೋಡುವುದು ಬಿಟ್ಟು ಆ ಹಿಟ್ಟನ್ನೇ ನೋಡುತ್ತಿದ್ದೆ. ಪಕ್ಕದ ಮಂಚದವರ ಮನೆಯಿಂದ ಹಬ್ಬದ ಬುತ್ತಿ ಬಂದಿತ್ತು. ಕಾಳುಪಲ್ಯದ ವಾಸನೆ. ನನಗೆ ಕೊಟ್ಟಿದ್ದು ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು.

ನನ್ನ ಯಜಮಾನರು ಹುಬ್ಬಳ್ಳಿಯಿಂದ ಮೊದಲ ಬಸ್ಸು ಹತ್ತಿದ್ದರು. ಅಣ್ಣಿಗೇರಿಗೆ ಬಂದಾಗ ಫೋನ್ ಹೋಯಿತು. ಈಗಲೂ ಬಸ್ಸು ಅಣ್ಣಿಗೇರಿ ದಾಟುವಾಗ "ಇಲ್ಲೇ ನೋಡೋ ನಾ ಅಪ್ಪ ಆಗಿದ್ದು" ಅಂತ ಮಗನಿಗೆ ತೋರಿಸುತ್ತಾರೆ. ಪಂಪ ಹುಟ್ಟಿದ ಊರು ಅಂತ ಪುಸ್ತಕದಲ್ಲಿ ಓದಿದ ಮಗ "ಪಂಪ ಹುಟ್ಟಿದ್ದೂ ಇಲ್ಲೇ, ನೀವು ಹುಟ್ಟಿದ್ದೂ ಇಲ್ಲೇ" ಅಂತ ಚೇಷ್ಟೆ ಮಾಡುತ್ತಾನೆ. ಅವರಿಗೆ ಊರಿನ ಹೆಸರಿನ ಸಮೇತ ಗೊತ್ತು, ತಾವು ಯಾವಾಗ ಅಪ್ಪ ಆದದ್ದು ಅಂತ. ನನಗೆ ಹಾಗೆ ಹೇಳಲು ಐದು ದಿನ ಬೇಕಾಯಿತು.

ಮೂರನೇ ದಿನ ಮನೆಗೆ ಕಳಿಸಿದರು. ಅಷ್ಟರಲ್ಲಿ ಮಗುವಿನ ಮುಖಕ್ಕೆ ಅರಿಶಿನ ಸವರಿದ ಹಾಗಾಗಿತ್ತು. ಕಾಮಣಿ. ಡಾಕ್ಟರು ಹೆದರಬೇಡಿ ಅಂದರು. ಹುಟ್ಟಿದ ಕೂಸಿನ ಲಿವರ್ ಇನ್ನೂ ಪೂರ್ತಿ ಕೆಲಸ ಕಲಿತಿರುವುದಿಲ್ಲ, ಬಹಳ ಮಕ್ಕಳಿಗೆ ಬರುತ್ತದೆ, ಮೇಲಿಂದ ಮೇಲೆ ಹಾಲು ಕುಡಿಸಿ. ಆದರೆ ಹಳದಿ ಅಂಗೈ ಅಂಗಾಲಿಗೆ ಇಳಿದರೆ, ಇಲ್ಲಾ ಹಾಲು ಕುಡಿಯದೆ ಬರೀ ಮಲಗಿದರೆ ಕೂಡಲೇ ಕರೆದುಕೊಂಡು ಬನ್ನಿ ಅಂದರು.

ಐದನೇ ರಾತ್ರಿ ಸಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಅಂತ ನಮ್ಮಲ್ಲಿ ನಂಬಿಕೆ. ಅವ್ವ ತಲೆದಿಂಬಿನ ಹತ್ತಿರ ಬಿಳಿ ಹಾಳೆ, ಪೆನ್ನು, ದೀಪ ಇಟ್ಟು ಮಲಗಿದಳು. ನಾನು ಮಲಗಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ಬ್ಯಾಟರಿ ಹಾಕುವುದು, ಕೌದಿ ಸರಿಸುವುದು, ಅಂಗಾಲನ್ನು ಹೆಬ್ಬೆರಳಿಂದ ಒತ್ತಿ ಬಿಟ್ಟು ಬಣ್ಣ ನೋಡುವುದು. ಆ ಅಂಗಾಲು ನನ್ನ ಹೆಬ್ಬೆರಳಿಗಿಂತ ಚೂರು ಉದ್ದ, ಅಷ್ಟೇ. ಒತ್ತಿದರೆ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತಿತ್ತು. ಆದರೂ ನಂಬಿಕೆ ಬರದೆ ಇನ್ನೊಂದು ಕಾಲು ನೋಡುತ್ತಿದ್ದೆ.

"ಬ್ಯಾಟರಿ ಆರಸs, ಸಟವಿ ಬರೋ ಹೊತ್ತು" ಅಂದಳು ಅವ್ವ ನಿದ್ದೆಗಣ್ಣಲ್ಲಿ.

"ಬರೀಲಿಕ್ಕೆ ಬೆಳಕು ಬೇಕಲ್ಲ ಆಕಿಗೆ" ಅಂದೆ. ಹೇಳಿ ಅತ್ತುಬಿಟ್ಟೆ. ಸಟವಿ ಏನಾದರೂ ಕೆಟ್ಟದ್ದು ಬರೆಯಲು ಬಂದರೆ ಪೆನ್ನು ಕಸಿದುಕೊಳ್ಳುವಷ್ಟು ಸಿಟ್ಟು ಬಂದಿತ್ತು ನನಗೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ರಾತ್ರಿ. ವಾರದೊಳಗೆ ಹಳದಿ ಇಳಿಯಿತು. ಡಾಕ್ಟರು ಹೇಳಿದ್ದೇ ಸರಿ ಇತ್ತು.

ನಿಮಗೆ ಒಂದು ವಾರ ಅಂದಿರಲ್ಲ, ಕಣ್ಣೀರು ಬರಲಿಲ್ಲ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ. ಆದರೆ ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ, ಮಗು ಬೇಡ ಅನ್ನುವಷ್ಟು ಆದರೆ, ಡಾಕ್ಟರ ಹತ್ತಿರ ಬಾಯಿ ಬಿಟ್ಟು ಹೇಳಿ. ಅದಕ್ಕೆ ಚಿಕಿತ್ಸೆ ಇದೆ. ಬಾಣಂತನ ಅಂದರೆ ಹಿಂಗೇ ಅಂತ ಯಾರಾದರೂ ಅಂದರೆ ಕೇಳಬೇಡಿ.

ಆ ವರ್ಷ ಅವ್ವ ಮಾಡಿದ ರೊಟ್ಟಿ ಯಾರ ಮನೆಗೂ ಹೋಗಲಿಲ್ಲ. ಪುರುಡು ಅಂತ ಯಾರೂ ತಗೊಳ್ಳಲಿಲ್ಲ. ಕಟಕ್ ರೊಟ್ಟಿ ಕೆಡುವುದಿಲ್ಲವಲ್ಲ, ಮನೆಯವರು ತಿಂಗಳುಗಟ್ಟಲೆ ತಿಂದರು. ನನಗೆ ಮಾತ್ರ ಅಂಟಿನ ಉಂಡಿ, ಅಳ್ವಿ ಪಾಯಸ. ಅದರ ಸಿಟ್ಟು ಇನ್ನೂ ಇದೆ.

ಅವ್ವನ ಲೆಕ್ಕದಲ್ಲಿ ಮೊಮ್ಮಗನ ಹುಟ್ಟುಹಬ್ಬ ರೊಟ್ಟಿ ಪಂಚಮಿಗೇ. ತಾರೀಕು ಆಕೆಗೆ ಬೇಕಿಲ್ಲ. ಹೋದ ವರ್ಷ ರೊಟ್ಟಿ ಪಂಚಮಿ ಆಗಸ್ಟ್ 7ಕ್ಕೆ ಬಂದಿತ್ತು, ಹಾಗಾಗಿ ಅವನಿಗೆ ಎರಡು ಹುಟ್ಟುಹಬ್ಬ ಆದವು. ಈ ಸಲ ಮೂರೇ ದಿನದ ಅಂತರ. ಊರಿಂದ ಬಸ್ಸಿನಲ್ಲಿ ರೊಟ್ಟಿ ಗಂಟು ಬಂದಿದೆ. ಸಂಜೆ ಕೇಕ್, ಅವನ ಹತ್ತು ಮಂದಿ ಗೆಳೆಯರು, ಗದ್ದಲ. ಬೆಳಿಗ್ಗೆ ಅವನು ಸ್ಕೂಲಿಗೆ ಹೋದ ಮೇಲೆ ಒಂದು ಸಜ್ಜಿ ರೊಟ್ಟಿ ಮುರಿದು, ಮೊಸರು, ಶೇಂಗಾ ಚಟ್ನಿ ಹಾಕಿಕೊಂಡು ಒಬ್ಬಳೇ ಕೂತು ತಿಂದೆ. ಅವನಿಗೆ ಸಜ್ಜಿ ರೊಟ್ಟಿ ಸೇರುವುದಿಲ್ಲ.