ಗೇಟಿನ ಬಗ್ಗೆ ಇನ್ನೊಂಚೂರು ಬರೀರಿ

ನಮಸ್ಕಾರ ಸರ್,

ನಿಮ್ಮ ‘ಕೋಡಿಂಗ್ ಬಿಟ್ಟು ಕಾಡಿಗೆ’ ಲೇಖನ ಓದಿದೆ, ಈಗಿರೋ ಹಾಗೆ ಹಾಕೋಕಾಗಲ್ಲ. ಸುತ್ತಿ ಬಳಸಿ ಹೇಳೋ ಬದ್ಲು ಮೊದಲ ಸಾಲಲ್ಲೇ ಹೇಳ್ಬಿಟ್ಟೆ, ಬೇಜಾರಾದ್ರೆ ಒಂದು ಲೋಟ ಕಷಾಯ ಕುಡಿದು ಬಂದು ಮುಂದೆ ಓದಿ, ಯಾಕಂದ್ರೆ ಇದರೊಳಗೆ ಇನ್ನೊಂದು ಲೇಖನ ಇದೆ, ನೀವೇ ಮುಚ್ಚಿಟ್ಟಿದ್ದೀರ, ನನಗೆ ಬೇಕಾಗಿರೋದು ಅದು.

ನೀವು ಬರೆದಿರೋದು ಇಷ್ಟು: ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಸಾಗರ ತಾಲೂಕಲ್ಲಿ ಶರಾವತಿ ಹಿನ್ನೀರಿನ ಹತ್ರ ಅಡಿಕೆ ತೋಟ ತಗೊಂಡ್ರಿ, ಊರವರು ‘ಬೆಂಗ್ಳೂರಿನವ್ರು ಬಂದ್ರು’ ಅಂತ ನಿಮ್ಮ ಕಾಲೆಳೀತಾರೆ, ನೀವು ‘ಈ ನಿಧಾನದ ಜನ’ ಅಂತ ಅವರ ಕಾಲೆಳೀತೀರ, ಕೊನೆಗೆ ಎಲ್ರೂ ಜಗಲಿ ಮೇಲೆ ಕೂತು ನಗ್ತಾರೆ. ಮಧ್ಯೆ ಉಂಬಳ (ಜಿಗಣೆ) ಕಚ್ಚಿದ್ದು, ನೆಟ್‌ವರ್ಕ್ ಹುಡ್ಕೊಂಡು ಗುಡ್ಡ ಹತ್ತಿದ್ದು, ಕರೆಂಟ್ ಹೋಗಿ ನಾಲ್ಕು ದಿನ ಬರದೇ ಇದ್ದಿದ್ದು. ಉಂಬಳದ ಲೇಖನಗಳು ನಮಗೆ ಮಳೆಗಾಲ ಹಿಡಿದ ಕೂಡ್ಲೇ ಬರೋಕೆ ಶುರುವಾಗುತ್ತೆ, ಉಪ್ಪು ಸುಣ್ಣ ಹೊಗೆಸೊಪ್ಪು ಎಲ್ಲಾ ಪರಿಹಾರನೂ ನಮ್ಮ ಆಫೀಸಲ್ಲಿ ಎಲ್ರಿಗೂ ಬಾಯಿಪಾಠ. ಆ ಎರಡು ಪುಟ ತೆಗೆದುಬಿಡಿ.

ಆಮೇಲೆ ಅಡಿಕೆ. ‘ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಅಂಗಳದ ತುಂಬ ಹಣ್ಣಾದ ಅಡಿಕೆ ಒಣಗುತ್ತಿತ್ತು’ ಅಂತ ಬರೆದಿದ್ದೀರ. ಮಳೇಲಿ ಏನು ಒಣಗುತ್ತೆ ಸರ್? ಅದೂ ಅಲ್ದೆ ನೀವೇ ಮುಂದಿನ ಪುಟದಲ್ಲಿ ‘ನಮ್ಮ ಕಡೆ ಕೆಂಪಡಿಕೆ’ ಅಂತೀರ. ಕೆಂಪಡಿಕೆ ಮಾಡೋದು ಕಾಯಿ ಇನ್ನೂ ಹಸಿರಿದ್ದಾಗ್ಲೇ ಕೊಯ್ದು, ಸುಲಿದು, ಚೊಗರಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯಿಸಿ, ಆಮೇಲೆ ಒಣಗಿಸಿ. ಮರದಲ್ಲೇ ಹಣ್ಣಾಗೋಕೆ ಬಿಟ್ಟು ಸಿಪ್ಪೆ ಸಮೇತ ಒಣಗಿಸಿದ್ರೆ ಅದು ಚಾಲಿ. ನಿಮ್ಮ ಕಡೆ ಕೊನೆಕೊಯ್ಲು, ಅಂದ್ರೆ ಅಡಿಕೆ ಗೊನೆ ಇಳಿಸೋದು, ಶುರುವಾಗೋದು ಮಳೆಗಾಲ ಹಿಂದೆ ಸರಿದ ಮೇಲೆ, ದೊಡ್ಡಬ್ಬದ (ದೀಪಾವಳಿ) ಆಸುಪಾಸಲ್ಲಿ. ಜೂನಲ್ಲಿ ಊರೋರೆಲ್ಲ ಮೈಲುತುತ್ತ ಸುಣ್ಣ ಕಲಸ್ಕೊಂಡು ಕೊಳೆರೋಗಕ್ಕೆ ಔಷಧಿ ಹೊಡೆಯೋಕೆ ಒಂದು ಗಂಟೆ ಬಿಸಿಲು ಸಿಗುತ್ತಾ ಅಂತ ಆಕಾಶ ನೋಡ್ತಾ ಇರ್ತಾರೆ. ಇದನ್ನ ಓದುಗ್ರು ಕ್ಷಮಿಸಲ್ಲ. ಸಾಗರ, ಸಿರ್ಸಿ, ತೀರ್ಥಹಳ್ಳಿ ಕಡೆ ನಮಗೆ ಓದುಗ್ರು ಜಾಸ್ತಿ, ಒಂದು ತಪ್ಪು ಅಡಿಕೆ ಸಿಕ್ರೆ ಸಾಕು, ಉಳಿದ ಲೇಖನ ಪೂರ್ತಿ ಸುಳ್ಳು ಅಂತ ಪತ್ರ ಬರೀತಾರೆ.

ಭಾಷೆ ಇನ್ನೂ ಕಷ್ಟ. ನಿಮ್ಮ ಊರಿನ ಎಲ್ಲಾ ಪಾತ್ರಗಳೂ ‘ಏನ್ಲಾ’, ‘ಓಗ್ಲಾ ಅತ್ಲಾಗೆ’, ‘ಅಂಗಂತೀಯಾ’ ಅಂತ ಮಾತಾಡ್ತಾರೆ. ಅದು ಮಂಡ್ಯದ ಕಡೆ ಮಾತು, ಅದೂ ಮಂಡ್ಯದಲ್ಲಿ ಆಡೋ ಹಾಗಲ್ಲ, ಸಿನಿಮಾದಲ್ಲಿ ಕಾಮಿಡಿಗೆ ಆಡಿಸೋ ಹಾಗೆ. ಸಾಗರದವ್ರು ‘ಎಂತ ಮಾರಾಯ್ರೇ’ ಅಂತಾರೆ ಹೊರತು ನಿಮ್ಮನ್ನ ‘ಲಾ’ ಅಂತ ಯಾವತ್ತೂ ಕರೆದಿರಲ್ಲ, ಕರೆದಿದ್ರೆ ನೀವು ಇನ್ನೊಂದು ಲೇಖನ ಬರೆದಿರ್ತಿದ್ರಿ. ಹಳ್ಳಿಯೋನು ಅಂದ್ರೆ ಒಂದೇ ಥರ ಮಾತಾಡ್ತಾನೆ ಅನ್ಕೊಂಡಿರೋದಿದ್ಯಲ್ಲ, ನೀವು ಮಾಡಿರೋ ಎಲ್ಲಾ ಜೋಕಿಗಿಂತ ದೊಡ್ಡ ಸ್ಟೀರಿಯೋಟೈಪ್ ಅದೇ, ಮತ್ತೆ ಅದು ಜೋಕ್ ಕೂಡ ಅಲ್ಲ. ಕಿವಿಗೆ ಬಿದ್ದದ್ದು ನೆನಪಿಲ್ಲ ಅಂದ್ರೆ ಮಾತನ್ನ ಬರೀಬೇಡಿ, ಅವ್ರು ಹೀಗೆ ಹೇಳಿದ್ರು ಅಂತ ನಿಮ್ಮ ಭಾಷೆಯಲ್ಲೇ ಬರೆದು ಮುಂದೆ ಹೋಗಿ.

‘ನಿಧಾನದ ಜನ’ ಅನ್ನೋದಕ್ಕೆ ನೀವು ಕೊಟ್ಟಿರೋ ಸಾಕ್ಷಿ ಏನಪ್ಪಾ ಅಂದ್ರೆ ಕೊನೆ ಕೊಯ್ಯೋಕೆ ಬರ್ತೀನಿ ಅಂದೋನು ಹತ್ತು ಗಂಟೆಗೆ ಬಂದು ಆಮೇಲೂ ಅರ್ಧ ಗಂಟೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದ. ಇಬ್ಬನಿ ಬಿದ್ದ ಅಡಿಕೆ ಮರ ಹತ್ತಿ ನೋಡಿದ್ದೀರಾ? ಬೇಡ, ಹತ್ತಬೇಡಿ. ಕಾಂಡ ಒಣಗದೆ ಹತ್ತಿದ್ರೆ ಜಾರುತ್ತೆ, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗೋ ಮನುಷ್ಯ ಅರ್ಧ ಗಂಟೆ ಕಾಯ್ತಾನೆ ಅಂದ್ರೆ ಅವನ ಹೆಂಡ್ತಿ ಮಕ್ಕಳ ಪುಣ್ಯ. ನಿಮಗೆ ಸೋಮಾರಿತನ ಕಂಡ ಜಾಗದಲ್ಲಿ ಅವನು ಮರ ನೋಡ್ತಾ ಇದ್ದ. ಕೇಳಿದ್ರೆ ಹೇಳ್ತಿದ್ದ, ನೀವು ಕೇಳ್ಲಿಲ್ಲ, ವಾಚ್ ನೋಡಿದ್ರಿ.

ಈಗ ಚೆನ್ನಾಗಿರೋದರ ಬಗ್ಗೆ. ನಾಲ್ಕನೇ ಪುಟದಲ್ಲಿ ಪಕ್ಕದ ತೋಟದ ಹಿರಿಯರು ನಿಮಗೆ ಒಂದು ಮಾತು ಹೇಳ್ತಾರೆ, ‘ನಿಮ್ಮೂರಿಗೆ ಕರೆಂಟ್ ಕೊಟ್ವಿ, ಆಮೇಲೆ ನೀರೂ ಕೇಳಿದ್ರಿ, ಈಗ ನೀವೇ ಬಂದ್ರಲ್ಲ’. ನಾನು ಓದ್ತಾ ಜೋರಾಗಿ ನಕ್ಕೆ, ಪಕ್ಕದ ಟೇಬಲ್‌ನವ್ರು ಬಂದು ಓದಿ ಅವ್ರೂ ನಕ್ಕರು. ನೀವು ಏನು ಮಾಡಿದ್ರಿ? ‘ಹಳ್ಳಿ ಜನರ ಮುಗ್ಧ ಹಾಸ್ಯ’ ಅಂತ ಬರೆದು ಮುಂದಿನ ಪ್ಯಾರಾಗೆ ಹೋಗಿಬಿಟ್ರಿ. ಅದರಲ್ಲಿ ಮುಗ್ಧತೆ ಎಲ್ಲಿದೆ ಸರ್, ಅದು ಚಾಕು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ, ಆ ಹಿನ್ನೀರಿನ ಕೆಳಗೆ ಊರೂರೇ ಹೋಯ್ತು, ತೋಟ ಗದ್ದೆ ದೇವಸ್ಥಾನ ಎಲ್ಲಾ ಬಿಟ್ಟು ಜನ ಎದ್ದು ಹೋದ್ರು, ಸರಿಯಾದ ಹಕ್ಕುಪತ್ರಕ್ಕೆ ಮಕ್ಕಳು ಮೊಮ್ಮಕ್ಕಳ ಕಾಲದಲ್ಲೂ ಕಚೇರಿ ಅಲೆದ್ರು. ಅಲ್ಲಿಂದ ಹುಟ್ಟಿದ ಕರೆಂಟ್ ಬೆಂಗಳೂರಿಗೆ ಬಂತು, ಹಿನ್ನೀರಿನ ಪಕ್ಕದ ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿ ಉರೀತಿತ್ತು. 2019ರಲ್ಲಿ ಆ ನೀರನ್ನೇ ಬೆಂಗಳೂರಿಗೆ ತರೋ ಪ್ಲಾನ್ ಸುದ್ದಿಯಾದಾಗ ಜುಲೈಲಿ ಶಿವಮೊಗ್ಗ ಜಿಲ್ಲೆ ಬಂದ್ ಆಯ್ತು. ಇಷ್ಟೂ ಚರಿತ್ರೆನ ಆ ಮನುಷ್ಯ ಒಂದು ಸಾಲಲ್ಲಿ, ಎಲೆ ಅಡಿಕೆ ಕವಳದ ಬಾಯಲ್ಲಿ, ನಗ್ತಾ ಹೇಳಿದ್ದಾರೆ, ಮತ್ತೆ ಅದೇ ಲೇಖನದಲ್ಲಿ ನೀವು ‘ಕರೆಂಟ್ ಇಲ್ಲದೆ ಈ ಜನ ಹೇಗೆ ಬದುಕುತ್ತಾರೋ’ ಅಂತ ಆಶ್ಚರ್ಯಪಟ್ಟಿದ್ದೀರ! ಎರಡೂ ಒಂದೇ ಲೇಖನದಲ್ಲಿದೆ, ನಿಮಗೇ ಗೊತ್ತಿಲ್ಲದೆ. ‘ಸಾವಿರಾರು ವರ್ಷಗಳಿಂದ ಇದೇ ಮಣ್ಣಿನಲ್ಲಿ ಬೇರು ಬಿಟ್ಟ ಜನ’ ಅನ್ನೋ ವಾಕ್ಯನೂ ಹೊಡೆದುಹಾಕಿ. ಆ ಹಿರಿಯರೇ ‘ನಾವು ಮುಳುಗಡೆಯೋರು’ ಅಂದಿದ್ದಾರೆ ಅಂತ ನೀವೇ ಬರೆದಿದ್ದೀರ. ಅಂದ್ರೆ ಅವರ ಮನೆಯವ್ರೂ ಎಲ್ಲಿಂದಲೋ ಎದ್ದು ಬಂದು ಇಲ್ಲಿ ಹೊಸಬರಾಗಿದ್ದೋರು, ಬೇರೆಯೋರ ಊರಲ್ಲಿ ಮಾತು ಕೇಳಿಸ್ಕೊಂಡೋರು. ನಿಮ್ಮಿಬ್ಬರ ಮಧ್ಯೆ ಸ್ಥಳೀಯ ಯಾರು ಅನ್ನೋದು ನೀವು ಅನ್ಕೊಂಡಷ್ಟು ಸಲೀಸಲ್ಲ. ಹೋಗಿ ಕೇಳಿ, ಮುಳುಗಿದ ಊರಿಂದ ಬಂದ ಹೊಸತರಲ್ಲಿ ಊರವರು ಅವರನ್ನ ಏನಂತ ಆಡ್ಕೋತಿದ್ರು ಅಂತ.

ಗೇಟಿಗೆ ಬರ್ತೀನಿ. ಅರ್ಧ ಸಾಲಲ್ಲಿ ಮುಗಿಸಿದ್ದೀರ, ‘ಹಳೇ ಉಣುಗೋಲು ತೆಗೆಸಿ ಕಬ್ಬಿಣದ ಗೇಟ್ ಹಾಕಿಸಿದೆ, ಸುತ್ತ ಐಬೆಕ್ಸ್ ಬೇಲಿ ಮಾಡಿಸಿದೆ’ ಅಂತ (ಐಬೆಕ್ಸ್ ಅಂದ್ರೆ ಮುಟ್ಟಿದ್ರೆ ಶಾಕ್ ಹೊಡೆಯೋ ತಂತಿ ಬೇಲಿ). ಆಮೇಲೆ ಪಕ್ಕದವ್ರು ಬಂದು ‘ಬೀಗ ಯಾಕೆ ಮಾರಾಯ್ರೇ, ಹುಲಿಗೆ ಚಿಲಕ ತೆಗೆಯೋಕೆ ಬರಲ್ಲ’ ಅಂದ್ರು, ನೀವು ನಕ್ಕು ಕಾಫಿ ಕೊಟ್ರಿ. ನನಗೆ ಅನ್ಸೋದು, ಅವರು ಬಂದಿದ್ದು ಜೋಕ್ ಹೇಳೋಕಲ್ಲ. ಉಣುಗೋಲು ಅಂದ್ರೆ ದನ ಒಳಗೆ ಬರಬಾರದು ಆದ್ರೆ ಮನುಷ್ಯ ಗಳ ಸರಿಸಿ ದಾಟಬಹುದು ಅನ್ನೋ ಲೆಕ್ಕದಲ್ಲಿ ಮಾಡಿರೋದು. ಆ ದಾರಿಲಿ ಯಾರೋ ತೋಟಕ್ಕೆ ಸೊಪ್ಪು ತರೋಕೆ ಸೊಪ್ಪಿನಬೆಟ್ಟಕ್ಕೆ ಹೋಗ್ತಿದ್ರು, ಯಾರೋ ಹಳ್ಳಕ್ಕೆ ಪಂಪ್ ನೋಡೋಕೆ ಹೋಗ್ತಿದ್ರು, ಶಾಲೆ ಮಕ್ಕಳಿಗೆ ಅದು ಒಳದಾರಿ ಆಗಿರಬಹುದು. ನೀವು ಬೀಗ ಹಾಕಿದ್ರಿ. ಮಲೆನಾಡಲ್ಲಿ ಹೊಸಬರ ಹತ್ರ ನೇರವಾಗಿ ‘ಬೀಗ ತೆಗೀರಿ’ ಅನ್ನೋದಕ್ಕೆ ಬಾಯಿ ಬರಲ್ಲ, ಸಂಕೋಚ, ಅದಕ್ಕೆ ತಮಾಷೆ ಮಾಡ್ತಾರೆ. ನಕ್ಕರೆ ಅರ್ಥ ಆಗ್ಲಿಲ್ಲ ಅಂತ ಇನ್ನೊಂದು ಸಲ ಇನ್ನೊಂದು ತಮಾಷೆ. ನಿಮ್ಮ ಲೇಖನದಲ್ಲಿ ಗೇಟಿನ ಬಗ್ಗೆ ಮೂರು ಜನ ಮೂರು ಬೇರೆ ಬೇರೆ ಜೋಕ್ ಮಾಡಿದ್ದಾರೆ, ನಾನು ಪೆನ್ಸಿಲಲ್ಲಿ ಗುರುತು ಹಾಕಿದ್ದೀನಿ. ಮೂರೂ ಅರ್ಜಿಗಳು. ನೀವು ಎಲ್ಲದಕ್ಕೂ ಕಾಫಿ ಕೊಟ್ಟಿದ್ದೀರ.

ಈ ಲೇಖನ ಗೇಟಿಂದ ಶುರುವಾಗ್ಬೇಕು ಅಂತ ನನ್ನ ಅಭಿಪ್ರಾಯ. ಈಗ ಬೀಗ ಇದ್ಯಾ ಇಲ್ವಾ? ಇದ್ರೆ ಅದಕ್ಕೂ ಕಾರಣ ಇರುತ್ತೆ, ಕಾಡುಹಂದಿ ಕಾಟ, ಕಳ್ಳರ ಭಯ, ಒಬ್ಬರೇ ಇರ್ತೀರ, ಅದನ್ನೂ ನಾಚಿಕೆ ಇಲ್ದೆ ಬರೀರಿ. ನಿಮ್ಮನ್ನ ವಿಲನ್ ಮಾಡಿ ಅಂತ ನಾನು ಹೇಳ್ತಾ ಇಲ್ಲ.

ದುಡ್ಡಿನ ವಿಷಯ ಪೂರ್ತಿ ಕಾಣೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದೋರೂ ಜಮೀನು ಕೊಳ್ಳಬಹುದು ಅಂತಾಯ್ತು, ಅದಕ್ಕಿಂತ ಮೊದಲು ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ದಾಟಿದೋರಿಗೆ ಆಗ್ತಿರ್ಲಿಲ್ಲ. ನಿಮಗೆ ತೋಟ ಮಾರಿದ ಮನೆಯವ್ರು ಎಲ್ಲಿದ್ದಾರೆ ಈಗ? ನನ್ನ ಊಹೆ, ಮಗನ ಜೊತೆ ಬೆಂಗಳೂರಲ್ಲಿ, ನೀವು ಖಾಲಿ ಮಾಡಿದಂಥದೇ ಒಂದು ಫ್ಲ್ಯಾಟಲ್ಲಿ. ಹೌದಾದ್ರೆ ಫೋನ್ ಮಾಡಿ ಮಾತಾಡ್ಸಿ, ಅಲ್ಲಿ ಲಿಫ್ಟ್ ಹತ್ರ ಅವರನ್ನ ಯಾರು ಏನಂತ ಕಾಲೆಳೀತಾರೆ ಕೇಳಿ. ಮತ್ತೆ ನೀವು ಜಮೀನು ತಗೊಂಡಿರೋದು ಸಾಗರ ತಾಲೂಕಲ್ಲಿ, ಕಾಗೋಡು ಇರೋ ತಾಲೂಕು. 1951ರಲ್ಲಿ ಗೇಣಿ ರೈತರು ಕೊಳಗದ (ಭತ್ತ ಅಳೆಯೋ ಪಾತ್ರೆ) ಅಳತೆ ವಿಷಯಕ್ಕೆ ಒಡೆಯರ, ಅಂದ್ರೆ ಜಮೀನುದಾರರ, ಎದುರು ನಿಂತ ಊರು, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆದ ಹೋರಾಟ, ಮುಂದೆ 1974ರಲ್ಲಿ ದೇವರಾಜ ಅರಸು ಸರ್ಕಾರ ಗೇಣಿ ಪದ್ಧತಿ ತೆಗೆಯೋವರೆಗೂ ಆ ಹೋರಾಟದ ನೆನಪು ಹರಿದಿದೆ. ಅಲ್ಲಿ ಒಬ್ಬ ಅಜ್ಜ ‘ಒಡೇರೇ’ ಅಂತ ನಿಮ್ಮನ್ನ ಕರೆದ್ರೆ ಅದನ್ನ ‘ಪ್ರೀತಿಯ ಸಂಬೋಧನೆ’ ಅಂತ ಬರೆಯೋ ಮುಂಚೆ ಎರಡು ಸಲ ಯೋಚನೆ ಮಾಡಿ. ಪ್ರೀತಿನೂ ಇರಬಹುದು. ಕಿಚಾಯಿಸ್ತಾನೂ ಇರಬಹುದು.

ಇಷ್ಟು ಓದಿ ನಾನು ಊರವರ ಪಾರ್ಟಿ ಅನ್ಕೋಬೇಡಿ, ಅವರ ಬಗ್ಗೆನೂ ನೀವು ಸಾಕಷ್ಟು ಕಟುವಾಗಿ ಬರೆದಿಲ್ಲ. ಬೆಂಗಳೂರು ನಂಬರಿನ ಕಾರ್ ಕಂಡ್ರೆ ಕೂಲಿ ರೇಟು ಏರೋದು ನಿಮಗೂ ಗೊತ್ತು, ‘ಎರಡು ಮಳೆಗಾಲ ನೋಡಿ ಓಡಿಹೋಗ್ತಾರೆ’ ಅಂತ ಬೆಟ್ ಕಟ್ಟಿರ್ತಾರೆ, ತೋಟದ ಕೆಲಸದಲ್ಲಿ ನಿಮಗೆ ತಪ್ಪು ಸಲಹೆ ಕೊಟ್ಟು ಆಮೇಲೆ ಅಂಗಡಿ ಕಟ್ಟೆ ಮೇಲೆ ಅದೇ ಕಥೆ ಹೇಳಿ ನಕ್ಕೋರೂ ಇರ್ತಾರೆ. ಅವರದೇ ಮಕ್ಕಳು ದೊಡ್ಡಬ್ಬಕ್ಕೆ ತಾಳಗುಪ್ಪ ಟ್ರೈನಲ್ಲಿ ಬಂದು ಮೂರು ದಿನ ‘ನೆಟ್ ಇಲ್ಲ’ ಅಂತ ಗೊಣಗಿದ್ರೆ ಮಾತ್ರ ಯಾರೂ ಅವರನ್ನ ಬೆಂಗ್ಳೂರಿನವ್ರು ಅನ್ನಲ್ಲ. ಬರೀರಿ ಇದನ್ನೆಲ್ಲ, ಒಳ್ಳೆ ಹಾಸ್ಯ ಇದೆ ಇದರಲ್ಲಿ. ಎಲ್ಲರೂ ಒಳ್ಳೆಯೋರಾಗಿರೋ ಊರು ಓದೋಕೆ ಬೋರು.

ಕಡೇದಾಗಿ, ನಿಜವಾಗ್ಲೂ ನನಗೆ ಹೊಟ್ಟೆ ಉರಿದಿದ್ದು ಏಳನೇ ಪುಟದ ಬ್ರ್ಯಾಕೆಟ್ ನೋಡಿ. ‘(ನಾನು ಮೂಲತಃ ಪಾವಗಡದ ಕಡೆಯವನು)’ ಅಂತೆ! ಪಾವಗಡದ ರೈತರ ಮನೆ ಹುಡುಗ, ಅಪ್ಪ ಮಳೆಗೆ ಕಾದು ಕಡ್ಲೆಕಾಯಿ ಬಿತ್ತಿದ್ದನ್ನ ನೋಡಿ ಬೆಳೆದೋರು, ನಿಮ್ಮ ಕಡೆ ಜಮೀನು ಈಗ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿ ಸಾವಿರಾರು ಎಕರೆ ಪ್ಯಾನೆಲ್ ನಿಂತಿದೆ, ಅಲ್ಲಿ ವರ್ಷಕ್ಕೆ ಬೀಳೋ ಮಳೆ ನಿಮ್ಮ ಈಗಿನ ಊರಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿದುಬಿಡುತ್ತೆ. ಅಂದ್ರೆ ನಿಮ್ಮೂರೂ ಕರೆಂಟಿಗೆ ಜಮೀನು ಕೊಟ್ಟಿದೆ, ಪಕ್ಕದ ಮನೆ ಹಿರಿಯರ ಊರೂ ಕೊಟ್ಟಿದೆ, ಒಬ್ಬರದು ನೀರಿನಡಿ, ಒಬ್ಬರದು ಪ್ಯಾನೆಲ್ ಅಡಿ. ನಿಮ್ಮದಕ್ಕೆ ಗುತ್ತಿಗೆ ದುಡ್ಡು ಬರುತ್ತೆ, ಅವರದು ವಾಪಸ್ ಬರೋದೇ ಇಲ್ಲ, ಆ ವ್ಯತ್ಯಾಸನೂ ಬರೀಬೇಕು. ಇದನ್ನ ಬ್ರ್ಯಾಕೆಟ್ ಒಳಗೆ ಹಾಕಿ ಉಂಬಳಕ್ಕೆ ಎರಡು ಪುಟ ಕೊಟ್ಟಿದ್ದೀರಲ್ಲ ಸರ್! ‘ಬೆಂಗ್ಳೂರಿನವ್ರು’ ಅಂತ ಕರೆದಾಗ ಒಂದು ಸಲನಾದ್ರೂ ‘ಅಲ್ಲ, ನಾನು ಪಾವಗಡದೋನು’ ಅಂದಿದ್ದೀರಾ? ಅಂದಿಲ್ಲ ಅಂದ್ರೆ ಯಾಕೆ? ಬಯಲುಸೀಮೆಯೋನು ಅಂತ ಇನ್ನೂ ಜಾಸ್ತಿ ಆಡ್ಕೋತಾರೆ ಅಂತಾನಾ?

ತಿದ್ದಿ ಕಳಿಸಿ. 1,500 ಪದ ಸಾಕು, ಈಗಿನದು ಅದರ ದುಪ್ಪಟ್ಟಿದೆ. ಯೂನಿಕೋಡಲ್ಲಿ ಟೈಪ್ ಮಾಡಿ, ಪಿಡಿಎಫ್ ಬೇಡ, ಹೆಡಿಂಗ್ ಬದಲಾಯಿಸಿ, ‘ಕಾಡಿಗೆ’ ಅಂತ ಬೇಡ, ಅದು ತೋಟ. ಪಕ್ಕದ ಹಿರಿಯರ ಮಾತು ಹಾಕೋದಕ್ಕೆ ಅವರನ್ನ ಒಂದು ಮಾತು ಕೇಳಿ, ಒಪ್ಪಿದ್ರೆ ಕರೆಂಟಿನ ಜೋಕನ್ನ ಅವರು ಹೇಳಿದ ಹಾಗೇ ಇಡಿ, ನಾನು ಒಂದಕ್ಷರ ಮುಟ್ಟಲ್ಲ. ಫೋಟೊ ಕಳಿಸೋದಾದ್ರೆ ಡ್ರೋನ್ ಶಾಟ್ ಬೇಡ.

ಇಂತಿ,
ಸಂಪಾದಕ